ಏನನ್ನೂ ಕೇಳದ ಸಾಕೆಟ್

ನೀಲಾಂಬರಿ ಎಂಬ ಮೀನುಗಾರಿಕೆ ಬೋಟಿಗೆ ತಳದ ನೀರೆತ್ತುವ ಪಂಪು ಬಂದಿತ್ತು. ಅದಕ್ಕೆ ಕರೆಂಟು ಕೊಡಲು ಒಂದು ಸಾಕೆಟ್ ಬೇಕಾಯಿತು. ಕೆಲಸ ಕೇಳಿಕೊಂಡು ಎರಡು ಬಂದವು: ಬೆಳ್ಳಗೆ ಹೊಳೆಯುವ ಮನೆ ಸಾಕೆಟ್, ದಪ್ಪ ಮುಚ್ಚಳ ಹೊತ್ತ ಕಡಲ ಸಾಕೆಟ್.

"ಅಲೆ ಎಷ್ಟು ಎತ್ತರಕ್ಕೆ ಹೊಡೆಯುತ್ತದೆ? ನನ್ನನ್ನು ಎಲ್ಲಿ ಕೂರಿಸುತ್ತೀರಿ?" ಎಂದು ಕಡಲ ಸಾಕೆಟ್ ಕೇಳಿತು.

ಕೆಲಸಕ್ಕೆ ಸೇರುವ ಮೊದಲೇ ಇಷ್ಟು ಅಧಿಕಪ್ರಸಂಗವೇ ಎಂದು ನೀಲಾಂಬರಿಗೆ ಸಿಟ್ಟು ಬಂತು. "ನೀನು ಹೊರಡಬಹುದು" ಎಂದು ಅದನ್ನು ಕಳಿಸಿ, ಮನೆ ಸಾಕೆಟ್ಟಿನತ್ತ ತಿರುಗಿತು. "ನಿನಗೇನಾದರೂ ಕೇಳುವುದಿದೆಯೇ?"

"ಏನೂ ಇಲ್ಲಮ್ಮ. ಹೇಳಿದಲ್ಲಿ ಕೂರುತ್ತೇನೆ."

ಆ ವಿನಯಕ್ಕೆ ಬೋಟು ಮನಸೋತಿತು.

ಮೂರು ತಿಂಗಳ ಮೇಲೆ, ದಡ ಕಾಣದಷ್ಟು ದೂರದಲ್ಲಿ, ಬೋಟಿನ ತಳಕ್ಕೆ ನೀರು ನುಗ್ಗಿತು. ಪಂಪು ಮಿಸುಕಲಿಲ್ಲ. ಮೀನುಗಾರರು ಹಿಡಿದ ಮೀನನ್ನೆಲ್ಲ ಕಡಲಿಗೆ ಸುರಿದು, ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲಿ, ಹೇಗೋ ಜೀವ ಉಳಿಸಿಕೊಂಡರು.

"ಏನಾಯಿತು ನಿನಗೆ?" ಎಂದು ನೀಲಾಂಬರಿ ಸಾಕೆಟ್ಟನ್ನು ಕೇಳಿತು.

"ಉಪ್ಪುಗಾಳಿಗೆ ನನ್ನೊಳಗಿನ ಹಿತ್ತಾಳೆ ಹಸಿರುಗಟ್ಟಿ ತಿಂಗಳಾಯಿತಮ್ಮ."

"ಮೊದಲೇ ಹೇಳಬಾರದಿತ್ತೇ?"

"ಕೇಳಿದವನನ್ನು ನೀವು ಕಳಿಸಿಬಿಟ್ಟಿದ್ದನ್ನು ನೋಡಿದ್ದೆ. ಬಾಯಿ ಬಿಡಲು ಹೆದರಿದೆ."

ದಡ ಮುಟ್ಟಿದ ಮೇಲೆ ರಿಪೇರಿಯವರು ಸಾಕೆಟ್ಟನ್ನು ಬೈಯುತ್ತಾ ಕಿತ್ತರು. ತಪ್ಪು ತನ್ನದೆಂದು ಅದಕ್ಕೆ ಹೇಳಬೇಕು ಎಂದು ಬೋಟು ಮನಸ್ಸು ಮಾಡುವಷ್ಟರಲ್ಲಿ, ಅದು ಗುಜರಿ ಚೀಲ ಸೇರಿತ್ತು.