ಜವರ ಸೈಕಲ್ ಹೊಡೆದದ್ದು

ಕೇಳ್ರಪ್ಪಾ, ಕೇಳ್ರವ್ವಾ! ಸುಳ್ಳು ಹೇಳೋನಲ್ಲ ನಾನು. ಹೇಳಿದರೂ ಸಣ್ಣ ಸುಳ್ಳು ಹೇಳೋನಲ್ಲ. ನಮ್ಮ ವಂಶದಲ್ಲೇ ಒಬ್ಬ ಇದ್ದ, ಜವರ ಅಂತ. ನಮ್ಮ ವಂಶಕ್ಕೆ ಬುದ್ಧಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಬರುತ್ತಂತೆ. ಯಾವ ತಲೆಮಾರಿಗೆ ಬಂದು ಹೋಯಿತೋ, ಕಂಡವರು ಯಾರೂ ಇಲ್ಲ.

ಜವರನ ಅವ್ವ ಮಾದಮ್ಮ. "ನಾನು ಕಣ್ಣು ಮುಚ್ಚಿದರೆ ಈ ಪೆದ್ದಕ್ಕೆ ಮುದ್ದೆ ಇಕ್ಕೋರು ಯಾರಪ್ಪಾ!" ಅಂತ ಅವಳಿಗೆ ಅದೇ ಕೊರಗು. ಬೆಟ್ಟದಾಚೆ ಅವಳ ತಮ್ಮ ಹುಚ್ಚಯ್ಯ. ಹೆಸರು ಹುಚ್ಚಯ್ಯ, ಆಳು ಘಾಟಿ. ಅವನ ಮಗಳು ದುಂಡಮ್ಮನನ್ನ ಮಾದಮ್ಮ ಸೊಸೆಯಾಗಿ ಕೇಳಿದಳು. ಹುಚ್ಚಯ್ಯ ಹೇಳಿಕಳಿಸಿದ: "ಅಕ್ಕಾ, ನಿನ್ನ ಮಗ ಒಬ್ಬನೇ ಸೈಕಲ್ ಮೇಲೆ ಬೆಟ್ಟ ದಾಟಿ ಬಂದು ನನ್ನ ಬಾಗಿಲು ತಟ್ಟಲಿ, ಹೆಣ್ಣು ಕೊಡ್ತೀನಿ. ಬರಲಿಲ್ಲವೋ, ಬೇರೆ ಗಂಡು ನೋಡ್ತೀನಿ."

ಬೆಟ್ಟ ಅಂದರೆ ಎಂಥ ಬೆಟ್ಟ! ಹದ್ದು ಕೂಡ ಅರ್ಧದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಆಮೇಲೆ ಹಾರಬೇಕು.

ಮಾದಮ್ಮ ರೊಟ್ಟಿ ಗಂಟು ಕಟ್ಟಿಕೊಟ್ಟಳು. "ಮಗಾ, ನೇರ ಮಾವನ ಮನೆಗೇ ಹೋಗಬೇಕು. ಸೈಕಲ್ ಚೆನ್ನಾಗಿ ಹೊಡಿ!"

"ಹೊಡೀತೀನಿ ಕಣವ್ವಾ!"

ಬೇಲಿಯಿಂದ ಒಂದು ಬರಲು ಕಡ್ಡಿ ಮುರಿದ. ಒಂದು ಕೈಲಿ ಸೈಕಲ್ ಹಿಡಿದ, ಇನ್ನೊಂದು ಕೈಲಿ ಹೊಡೆದ. ಸೀಟಿಗೆ ಹೊಡೆದ, ಚಕ್ರಕ್ಕೆ ಹೊಡೆದ, ಹ್ಯಾಂಡಲ್‌ಗೂ ಎರಡು ಬಿಟ್ಟ. "ಹೈ! ನಡಿ! ನಡಿಯೇ!"

ಕುರಿ ಕಾಯೋನೊಬ್ಬ ಕಂಡ. "ಲೇ, ಪಾಪ, ಏನ್ಲಾ ಮಾಡಿತು ಅದು ನಿನಗೆ?"

"ನಮ್ಮವ್ವ ಹೊಡಿ ಅಂದಳು."

"ಥೂ, ಪೆದ್ದೇ! ಸೈಕಲ್ ಹೊಡಿಯೋದು ಅಂದರೆ ಹತ್ತಿ ಕೂತು ತುಳಿಯೋದು ಕಣ್ಲಾ!"

ಹತ್ತಿ ಕೂತ. ತುಳಿದ, ತುಳಿದ, ತುಳಿದ. ಘಾಟಿ ಏರಿದ. ಮೊದಲನೇ ತಿರುವು ಬಂತು. ರಸ್ತೆ ಎಡಕ್ಕೆ ಹೋಯಿತು. ಜವರ ಹೋಗಲಿಲ್ಲ. ಅವ್ವ ನೇರ ಹೋಗು ಅಂದಿದ್ದಳಲ್ಲ! ನೇರ ಹೋದ, ಲಂಟಾನ ಪೊದೆಯೊಳಕ್ಕೇ ಹೋದ.

ಸೌದೆ ಹೊರೆ ಹೊತ್ತು ಬೆಟ್ಟ ಹತ್ತುತ್ತಿದ್ದ ಅಜ್ಜಿ ಹೊರೆ ಇಳಿಸಿ ಕಾಲು ಹಿಡಿದು ಎಳೆದಳು. "ಕಣ್ಣು ಕಾಣಲ್ವಾ ಮಗಾ? ತಿರುವು ಬಂದರೆ ತಿರುಗಬೇಕು!"

"ತಿರುಗ್ತೀನಿ ಕಣಜ್ಜೀ!"

ಎರಡನೇ ತಿರುವು ಬಂತು. ತಿರುಗಿದ. ಪೂರಾ ತಿರುಗಿದ. ಸೊಂಯ್ ಅಂತ ಕೆಳಗೆ ಬಂದ. ಮತ್ತೆ ಮೊದಲನೇ ತಿರುವು ಸಿಕ್ಕಿತು. ತಿರುಗಿದ, ಮೇಲೆ ಹೋದ. ಮೇಲಿನ ತಿರುವು ಸಿಕ್ಕಿತು. ತಿರುಗಿದ, ಕೆಳಗೆ ಬಂದ. ಮಗ್ಗದ ಲಾಳಿ ಹಂಗೆ ಹೋದ, ಬಂದ. ಹೋದ, ಬಂದ.

ಅಜ್ಜಿಗೆ ತಲೆ ಸುತ್ತು ಬಂತು. "ನಿಲ್ಲಲಾ! ರಸ್ತೆ ಹೋದ ಕಡೆ ತಿರುಗಪ್ಪಾ, ಹಿಂದಕ್ಕಲ್ಲ! ಇನ್ನು ಮೇಲೆ ಹಿಂದೆ ತಿರುಗಿ ನೋಡಿದೆಯೋ, ನನ್ನಾಣೆ!"

"ನೋಡಲ್ಲ ಕಣಜ್ಜೀ, ನಿನ್ನಾಣೆ!"

ಆಣೆ ಅಂದರೆ ಆಣೆ. ನಮ್ಮ ವಂಶಕ್ಕೆ ಬುದ್ಧಿ ಇಲ್ಲದಿದ್ದರೂ ಮಾತು ಇದೆ. ಬೆಟ್ಟದ ನೆತ್ತಿ ದಾಟಿದ, ಆಚೆ ಇಳಿದ. ಊರ ಹತ್ತಿರ ಒಬ್ಬಳು ಹುರುಳಿ ಗಿಡ ಕಿತ್ತು ತಂದು ರಸ್ತೆ ತುಂಬ ಹರಡಿದ್ದಳು. ತಿನ್ನೋ ಕಾಳು, ತುಳಿಯೋದುಂಟೇ? ಜವರ ಸೈಕಲನ್ನ ತಲೆ ಮೇಲೆ ಹೊತ್ತುಕೊಂಡು ಹೊಲದೊಳಗೆ ಬಿದ್ದು ಸುತ್ತಿ ಬಂದ.

"ಅಯ್ಯೋ ಬೆಪ್ಪೇ! ಚಕ್ರ ಹರೀಲಿ ಅಂತಾನೇ ಹಾಕಿರೋದು! ಹರಡಿದ್ದು ಕಂಡರೆ ಅತ್ತ ಇತ್ತ ತುಳಿದಾಡು, ಕಾಳು ಬಿಡುತ್ತೆ!"

"ತುಳೀತೀನಿ ಕಣಕ್ಕಾ!"

ಮಾವನ ಮನೆ ಬಂತು. ಮದುವೆಗೆ ಬೇಕಾಗಬಹುದು ಅಂತ ದುಂಡಮ್ಮ ಅಂಗಳದ ತುಂಬ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಳು. ಜವರನ ಕಣ್ಣರಳಿತು. ಹರಡಿದೆ! ಅತ್ತ ತುಳಿದ, ಇತ್ತ ತುಳಿದ. ಚರಚರ, ಚರಚರ.

ಹುಚ್ಚಯ್ಯ ಬಾಯಿ ಬಡಿದುಕೊಂಡು ಹೊರಗೆ ಓಡಿ ಬಂದ. "ಏನ್ಲಾ ಇದು, ಅನ್ಯಾಯ!"

"ಕಾಳು ಬಿಡಿಸ್ತಾ ಇದ್ದೀನಿ ಮಾವಾ!" ಸೈಕಲ್ ಇಳಿದ. ಮಾವ ಅಂಗಳದಲ್ಲೇ ನಿಂತಿದ್ದಾನೆ, ಇವನು ಹೋಗಿ ಬಾಗಿಲು ತಟ್ಟಿದ. ಟಕ್ ಟಕ್. "ಮಾವಾ, ಬಂದೆ!"

"ಈ ಪೆದ್ದನಿಗೆ ಹೆಣ್ಣು ಕೊಡೋದಾ? ಸಾಧ್ಯವೇ ಇಲ್ಲ!"

ದುಂಡಮ್ಮ ಸಂಡಿಗೆ ಪುಡಿ ಗುಡಿಸುತ್ತಾ ಅಂದಳು, "ಅಪ್ಪಾ, ಹೇಳಿದ್ದನ್ನ ಒಂದು ಮಾತು ಬಿಡದೆ ಮಾಡೋ ಗಂಡು ಇನ್ನೆಲ್ಲಿ ಸಿಗ್ತಾನೆ? ನೀನು ನಮ್ಮವ್ವನ ಮಾತು ಒಂದಾದರೂ ಕೇಳಿದ್ದೀಯಾ?"

ಒಳಗಿನಿಂದ ದುಂಡಮ್ಮನ ಅವ್ವ ಕೆಮ್ಮಿದಳು. ಹುಚ್ಚಯ್ಯ ಒಪ್ಪಿದ.

ನಮ್ಮ ಕಡೆ ಮದುವೆ ಗಂಡಿನ ಮನೆಯಲ್ಲಿ. "ಸರಿ ಕಣ್ಲಾ, ಹಿಂದೆ ಕೂರಿಸಿಕೊಂಡು ಹೋಗು. ನಾವು ಬಸ್ಸಿಗೆ ಬರ್ತೀವಿ," ಅಂದ ಮಾವ.

ಜವರ ತುಳಿದ, ದುಂಡಮ್ಮ ಕ್ಯಾರಿಯರ್ ಹಿಡಿದು ಕೂತಳು. ಬೆಟ್ಟದ ನೆತ್ತಿಯಲ್ಲಿ ಒಂದು ಚಿಲುಮೆ. "ಬಾವಾ, ನಿಲ್ಲಿಸು. ಬಾಯಾರಿದೆ," ಅಂತ ಇಳಿದಳು. ಎರಡು ಬೊಗಸೆ ಕುಡಿದು, ಬಾಯಿ ಒರೆಸಿಕೊಳ್ಳುತ್ತಾ, "ಹ್ಞೂಂ, ನಡಿ, ಬಂದೆ!" ಅಂದಳು.

ನಡಿ ಅಂದಳಲ್ಲ, ನಡೆದೇಬಿಟ್ಟ!

"ಬಾವಾ! ಹಿಂದೆ ನೋಡು ಬಾವಾ!"

ಕೇಳಿಸಿತು. ಕೇಳಿಸಿದರೇನು? "ನೋಡಲಾರೆ, ಅಜ್ಜಿ ಆಣೆ!" ಅಂದವನೇ ಇಳಿಜಾರಲ್ಲಿ ಗಾಳಿಯಾದ.

ಮನೆ ಮುಂದೆ ಮಾದಮ್ಮ ಆರತಿ ತಟ್ಟೆ ಹಿಡಿದು ಕಾದಿದ್ದಳು. ಜವರ ಸೈಕಲ್ ನಿಲ್ಲಿಸಿ ಎದೆ ಉಬ್ಬಿಸಿದ. "ಅವ್ವಾ, ಹೆಣ್ಣು ತಂದೆ!"

"ಎಲ್ಲೋ?"

"ಹಿಂದೆ ಅವಳೆ, ನೋಡು."

ಹಿಂದೆ ನೋಡಿದಳು. ಕ್ಯಾರಿಯರ್ ಮೇಲೆ ಒಂದು ಮುರುಕು ಸಂಡಿಗೆ ಇತ್ತು. ಮಾದಮ್ಮ ತಟ್ಟೆ ಹಿಡಿದುಕೊಂಡೇ ಕುಸಿದು ಕೂತಳು. "ಅಯ್ಯೋ ನನ್ನ ಕರ್ಮವೇ! ಕೊಟ್ಟ ಹೆಣ್ಣನ್ನೂ ಬೆಟ್ಟದಲ್ಲಿ ಚೆಲ್ಲಿ ಬಂದೆಯಲ್ಲೋ!"

ಹೊತ್ತು ಇಳಿಯೋ ಹೊತ್ತಿಗೆ ದುಂಡಮ್ಮ ಬಂದಳು. ಕಾಲು ತುಂಬ ಧೂಳು, ಕೈಲೊಂದು ಬರಲು. ಬಂದು ಜವರನ ಬೆನ್ನ ಹಿಂದೆ ನಿಂತಳು.

"ಬಂದಳು ಕಣ್ಲಾ! ನಮ್ಮಪ್ಪಾ, ತಿರುಗಿ ನೋಡೋ!" ಅಂದಳು ಮಾದಮ್ಮ.

"ನೋಡಲ್ಲ. ಆಣೆ!"

ದುಂಡಮ್ಮ ಬರಲು ಕೆಳಗಿಟ್ಟಳು. ಸುತ್ತಿಕೊಂಡು ಬಂದು ಅವನ ಎದುರಿಗೇ ನಿಂತಳು. "ಸರಿ, ಈಗ ನೋಡು ಬಾವಾ."

ಜವರ ಅವಳನ್ನ ಮೇಲಿಂದ ಕೆಳಗೆ ನೋಡಿದ. ಆಮೇಲೆ ಬಲು ಮರ್ಯಾದೆಯಿಂದ ಜಗಲಿ ತೋರಿಸಿದ.

"ಕೂತ್ಕೋ ತಾಯಿ. ನಮ್ಮ ಹೆಣ್ಣು ಹಿಂದೆ ಬರ್ತಾವಳೆ. ಬಂದ ಮೇಲೆ ಇಬ್ಬರೂ ಮಾತಾಡಿಕೊಳ್ಳೀರಂತೆ."

ಮದುವೆ ಆಯಿತೇ ಅಂತ ಕೇಳಬೇಡಿ ಮತ್ತೆ. ಆಗದಿದ್ದರೆ ಈ ವಂಶ ಎಲ್ಲಿ ಬೆಳೀತಿತ್ತು, ನಿಮಗೆ ಕತೆ ಹೇಳೋಕೆ ಇಂಥ ಬುದ್ಧಿವಂತ ಎಲ್ಲಿ ಸಿಗ್ತಿದ್ದ!