ಮೇಲಿನ ವಸಡಿನ ಹಲ್ಲು

“ಗುರುಗಳೇ, ಒಂದು ನಂಬಿಕೆಯಿಂದ ಆದ ಕೇಡನ್ನು ಕಣ್ಣಾರೆ ಕಂಡ ಮೇಲೂ ಜನ ಅದನ್ನೇಕೆ ಬಿಡುವುದಿಲ್ಲ?” ಎಂದು ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಬ್ಬ ನೇಕಾರನ ಹೆಂಡತಿಗೆ ಒಬ್ಬನೇ ತಮ್ಮ. ತಾಯಿ ಸತ್ತ ಮೇಲೆ ಅವಳೇ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದಳು. ಅವನೆಂದರೆ ಅವಳಿಗೆ ಪ್ರಾಣ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳಿಗೊಂದು ಗಂಡು ಕೂಸು ಹುಟ್ಟಿತು. ಕೂಸಿನ ಮೇಲಿನ ವಸಡು ಒಂದು ಕಡೆ ಕಡಲೆಕಾಳಿನಷ್ಟು ಊದಿತ್ತು. ಊತದ ತುದಿಯಲ್ಲಿ ಬಿಳಿಯ ಹಲ್ಲೊಂದು ಇಣುಕುತ್ತಿತ್ತು.

ಇಂಥ ವಿಷಯದಲ್ಲಿ ಊರಿಗೆ ಊರೇ ಪಂಡಿತರು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂದರು. ಕೆಳಗಿನ ಹಲ್ಲು ಬರುವ ತನಕ ಅವನು ಕೂಸಿನ ಮುಖ ನೋಡಬಾರದು, ನೋಡಿದರೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ ಎಂದು ಅತ್ತೆ ಕಟ್ಟಪ್ಪಣೆ ಮಾಡಿದಳು. ಎಲ್ಲರ ಕಣ್ಣೂ ಹಲ್ಲಿನ ಮೇಲೆ. ಊತದ ಗೊಡವೆಗೆ ಯಾರೂ ಹೋಗಲಿಲ್ಲ. ಸೊಸೆ ಆ ಮಾತನ್ನೇ ನಂಬಿದಳು.

ತಮ್ಮ ಬಂದಾಗಲೆಲ್ಲ ಅವಳು ಕೂಸನ್ನು ಒಳಮನೆಯಲ್ಲಿ ಮಲಗಿಸಿ ಬಾಗಿಲೆಳೆಯುತ್ತಿದ್ದಳು.

“ಏನಕ್ಕಾ, ಅಳಿಯನ ಮುಖ ತೋರಿಸೋಕೂ ಇಷ್ಟು ಜಂಭವಾ?” ಎಂದು ಅವನು ನಗುತ್ತಿದ್ದ.

“ಈಗಷ್ಟೇ ಮಲಗಿದೆ ಕಣೋ, ಇನ್ನೊಂದ್ಸಲ ಬಾ,” ಎನ್ನುತ್ತಿದ್ದಳು.

ಊತ ದಿನದಿನಕ್ಕೆ ಬೆಳೆದು ತುಟಿಯನ್ನು ಮೇಲಕ್ಕೆತ್ತಿತು. ಕೂಸಿಗೆ ಮೊಲೆ ಹಿಡಿಯಲಾಗದೆ ಹಾಲು ಕಟಬಾಯಿಂದ ಸೋರಿಹೋಗುತ್ತಿತ್ತು. ತಾಯಿ ಹತ್ತಿಯನ್ನು ಹಾಲಿನಲ್ಲಿ ಅದ್ದಿ ಹಿಂಡುತ್ತ ಕಣ್ಣೀರು ಹಾಕುತ್ತಿದ್ದಳು. ಪಟ್ಟಣದ ಆಸ್ಪತ್ರೆಗೆ ಹೋಗೋಣ ಎಂದು ಗಂಡ ಅಂಗಲಾಚಿದ. ತಮ್ಮನ ಅಂಗಡಿ ಇದ್ದದ್ದು ಆ ಆಸ್ಪತ್ರೆಯ ಎದುರಿಗೇ. ಅವಳು ಒಪ್ಪಲಿಲ್ಲ. ಅವಳಿಗೆ ಕೂಸೂ ಉಳಿಯಬೇಕು, ತಮ್ಮನೂ ಉಳಿಯಬೇಕು. ಕೆಳಗಿನ ಹಲ್ಲು ಬರುವ ತನಕ ಹೇಗಾದರೂ ತಡೆದುಕೊಂಡರಾಯಿತು ಎಂದುಕೊಂಡಳು.

ಒಂದು ದಿನ ತಮ್ಮ ಹೇಳದೆ ಕೇಳದೆ ಬಂದ. ಒಳಗಿನಿಂದ ಗೊರಗೊರ ಉಸಿರಾಟ ಕೇಳಿಸಿತು. ಅಕ್ಕ ಅಡ್ಡ ನಿಂತರೂ ಬಿಡದೆ ಒಳಹೊಕ್ಕ. ಕೂಸಿನ ಮುಖ ನೋಡಿದವನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಕ್ಕ ಬಾಯಿ ಬಡಿದುಕೊಳ್ಳುತ್ತ ಹಿಂದೆಯೇ ಹೋದಳು.

“ಇದು ಹಲ್ಲಿನ ತೊಂದರೆಯಲ್ಲಮ್ಮ,” ಎಂದರು ಶಸ್ತ್ರವೈದ್ಯರು. “ದವಡೆಯೊಳಗೆ ಗಡ್ಡೆ ಬೆಳೆದು ಹಲ್ಲನ್ನು ಹೊರಗೆ ತಳ್ಳಿದೆ. ಎಲ್ಲೋ ಅಪರೂಪಕ್ಕೆ ಒಂದು ಕೂಸಿಗೆ ಹೀಗಾಗುತ್ತದೆ. ಚಿಕ್ಕದಿದ್ದಾಗಲೇ ತಂದಿದ್ದರೆ ಗಡ್ಡೆಯ ಜೊತೆ ಚೂರು ಮೂಳೆ ತೆಗೆದರೆ ಸಾಕಾಗುತ್ತಿತ್ತು. ಈಗ ಕಣ್ಣಿನ ಬುಡದವರೆಗೂ ಹೋಗಿದೆ.”

ಆದರೂ ಅವರು ಕೈಬಿಡಲಿಲ್ಲ. ಮೇಲ್ದವಡೆಯ ಅರ್ಧವನ್ನೇ ಕತ್ತರಿಸಿ ಗಡ್ಡೆ ತೆಗೆದರು. ಹಾಲಿಲ್ಲದೆ ಬಡಕಲಾಗಿದ್ದ ಕೂಸು ಅಷ್ಟನ್ನು ತಾಳಲಿಲ್ಲ; ಮರುದಿನ ತೀರಿಕೊಂಡಿತು. ತಮ್ಮ ಅಕ್ಕನ ಕಾಲ ಬಳಿ ಕುಸಿದು ಅತ್ತ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. “ವೈದ್ಯರು ಅಷ್ಟು ಬಿಡಿಸಿ ಹೇಳಿದ ಮೇಲಾದರೂ ಆ ಜನಕ್ಕೆ ಬುದ್ಧಿ ಬಂದಿರಬೇಕಲ್ಲ?” ಎಂದ ಶಿಷ್ಯ.

“ಮಾವ ಮುಖ ನೋಡಿದ, ಕೂಸು ಸತ್ತಿತು, ಊರು ಕಂಡದ್ದೂ ಇಷ್ಟೇ, ಆ ತಾಯಿ ಕಂಡದ್ದೂ ಇಷ್ಟೇ,” ಎಂದರು ಗುರುಗಳು.