ತಡವಾಗಿ ತಂದಿರಿ

ಮರುದಿನ ಬೇರೊಂದು ಊರಿನ ಮಠದ ಹೊಣೆ ಹೊರಬೇಕಿದ್ದ ರುದ್ರಾರಾಧ್ಯ ತನ್ನ ಗುರುಗಳನ್ನು ಕೇಳಿದ: “ಬುದ್ಧಿ, ಜನ ನನ್ನ ಕೈಲಾಗದ್ದನ್ನು ಬೇಡಿ ಬಂದರೆ ಏನು ಹೇಳಲಿ? ಆಗದು ಅಂದರೆ ಹೆಸರು ಹೋಗುವುದಿಲ್ಲವೇ?”

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ನಾಟಿವೈದ್ಯನಿದ್ದ. ಹಾವು ಕಚ್ಚಿದವರಿಗೆ ಬೇರು ತೇಯ್ದು ಕುಡಿಸುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವನೇ ದೊಡ್ಡವನು. ಕಚ್ಚಿದ ಹಾವನ್ನು ಹೊಡೆದು, ಬುಟ್ಟಿಯಲ್ಲಿ ಹಾಕಿ, ಬಟ್ಟೆ ಮುಚ್ಚಿ ಅವನ ಮುಂದಿಡುವುದು ಅಲ್ಲಿಯ ರೂಢಿ. ಗಾಬರಿಯಲ್ಲಿ ಹೊಡೆದವರು ಅದು ಯಾವ ಹಾವೆಂದು ನೋಡುತ್ತಿರಲಿಲ್ಲ; ಅವನು ಬಟ್ಟೆಯ ಅಂಚು ಎತ್ತಿ ತಾನೊಬ್ಬನೇ ನೋಡುತ್ತಿದ್ದ. ಕೇರೆಯೋ ನೀರುಹಾವೋ ಆಗಿದ್ದರೆ ಬೇರು ತೇಯುತ್ತಿದ್ದ. ವಿಷವೇ ಇಲ್ಲದ ಹಾವು. ರೋಗಿ ಎದ್ದು ಕೂರುತ್ತಿದ್ದ, ಕೀರ್ತಿ ಬೇರಿಗೆ ಬರುತ್ತಿತ್ತು. ನಾಗರವೋ ಕೊಳಕುಮಂಡಲವೋ ಆಗಿದ್ದರೆ ನಿಟ್ಟುಸಿರು ಬಿಟ್ಟು, “ತಡವಾಗಿ ತಂದಿರಿ” ಅನ್ನುತ್ತಿದ್ದ. ಸತ್ತವರ ಮನೆಯವರು ತಮ್ಮನ್ನೇ ಹಳಿದುಕೊಳ್ಳುತ್ತಿದ್ದರು. ಹಾವೂ ಸಾಯದೆ ಕೋಲೂ ಮುರಿಯದೆ ಅವನ ಬಾಳು ಹೀಗೆ ನಡೆದಿತ್ತು.

ಒಂದು ದಿನ ಒಬ್ಬ ರೈತನ ಹೆಂಡತಿ ಗಂಡನನ್ನು ಕೈಗಾಡಿಯಲ್ಲಿ ಮಲಗಿಸಿ ತಳ್ಳಿಕೊಂಡು ಓಡಿಬಂದಳು. ಅವನ ಕಾಲ ಬಳಿ ಬುಟ್ಟಿಯಿತ್ತು.

“ನಮ್ಮ ಮಾವನ್ನ ತಂದಾಗ ತಡ ಆಯ್ತು ಅಂದ್ರಿ ಸ್ವಾಮಿ. ಇವತ್ತು ಎಲೆಅಡಿಕೆ ಜಗಿದು ಉಗಿಯೋವಷ್ಟು ಹೊತ್ತೂ ಮಾಡಿಲ್ಲ. ತಡ ಆಗಿಲ್ಲ ಅಲ್ವಾ?”

ವೈದ್ಯ ಬಟ್ಟೆಯ ಅಂಚು ಎತ್ತಿದ. ಅಗಲ ತಲೆ, ಬೆನ್ನುದ್ದಕ್ಕೂ ಸರಪಳಿಯಂಥ ಮಚ್ಚೆ. ಕೊಳಕುಮಂಡಲವೇ. ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಏದುಸಿರು ಬಿಡುತ್ತಿದ್ದ ಅವಳ ಮುಖ ನೋಡಿ ಅದನ್ನು ಆಡಲಾಗಲಿಲ್ಲ. ಅವಳ ಮಾವನಿಗೂ ಅಂದು ಆಸ್ಪತ್ರೆ ಸೇರುವಷ್ಟು ಹೊತ್ತಿತ್ತೆಂದು ಅವನಿಗೆ ಗೊತ್ತಿತ್ತು.

ಅವನು ಬಟ್ಟೆಯನ್ನು ಪೂರಾ ತೆಗೆದು, ನೆರೆದವರೆಲ್ಲ ನೋಡುವಂತೆ ಬುಟ್ಟಿಯನ್ನು ಜಗಲಿಯ ಮೇಲಿಟ್ಟ.

“ತಡ ಆಗಿಲ್ಲ ತಾಯಿ. ಆದ್ರೆ ನನ್ನ ಬೇರಿಗೆ ಈ ವಿಷ ಇಳಿಯಲ್ಲ. ಇಷ್ಟು ದಿನ ಅದು ಇಳಿಸಿದ್ದು ಬರೀ ಭಯವನ್ನ. ಆಸ್ಪತ್ರೆಗೆ ನಡಿ, ನಾನೂ ಬರ್ತೀನಿ.”

ಯಾರದೋ ಜೀಪು ನಿಲ್ಲಿಸಿ, ರೈತನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತ. ದಾರಿಯುದ್ದಕ್ಕೂ ಅವನನ್ನು ಮಾತಾಡಿಸುತ್ತಲೇ ಇದ್ದ. ಹದಿನೈದನೆಯ ದಿನ ರೈತ ತನ್ನ ಕಾಲ ಮೇಲೆ ನಡೆದು ಊರಿಗೆ ಬಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ರುದ್ರಾರಾಧ್ಯನಿಗೆ ತಡೆಯಲಾಗಲಿಲ್ಲ.

“ಆಮೇಲೆ ಜನ ಆ ವೈದ್ಯನ ಮನೆಗೆ ಬರುವುದನ್ನು ಬಿಟ್ಟರೇ, ಬುದ್ಧಿ?”

“ಇಲ್ಲಪ್ಪ, ಹಾವು ಗುರುತಿಸಿ ಆಸ್ಪತ್ರೆಗೆ ಕರೆದೊಯ್ಯಲು ಈಗಲೂ ಮೊದಲು ಅವನನ್ನೇ ಕೂಗುತ್ತಾರೆ, ಆ ಮನೆ ಬಿಟ್ಟು ಹೋದದ್ದು ‘ತಡವಾಗಿ ತಂದಿರಿ’ ಎಂಬ ಮಾತೊಂದೇ.”